ಲೀಟರಿಗೆ ಎಷ್ಟು ಕಿಲೋಮೀಟರು?



ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ತನ್ನ ತಂದೆಯೊಡನೆ ನನ್ನ ಮನೆಗೆ ಬಂದನು. ತಂದೆಯವರು ಮಗ್ಗದ ಕೆಲಸದವರು. ಮಗನು ಆದವಾನಿಯ ಹತ್ತಿಯ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುವ ಉದ್ಯೋಗಕ್ಕೆ ಸೇರಿ, ಗೋನೆಗಂಡ್ಲದಿಂದ ದಿನವೂ ಹೋಗಿ ಬರುತ್ತಿದ್ದನು. ಹಾಗೆ ಹೋಗಿ ಬರುವುದಕ್ಕೆಂದು ಕಂತಿನ ಮೇಲೆ ಒಂದು ಮೋಟಾರ್ ಸೈಕಲ್ಲನ್ನು ಕೊಂಡಿದ್ದನು. ಸಾಮಾನ್ಯವಾದ ವಾಹನವಲ್ಲ, ಮುನ್ನೂರು ಘನ ಸೆಂಟಿಮೀಟರಿನ ಎಂಜಿನು, ಮುಂದೆ ಗಾಳಿಯನ್ನು ಸೀಳುವ ಕವಚ. ಸ್ಪೋರ್ಟ್ ಟೂರಿಂಗ್ ಎಂದು ಕರೆಯುವ ಜಾತಿ. ಪಂದ್ಯದ ವಾಹನದ ವೇಗವನ್ನೂ ದೂರ ಪ್ರಯಾಣದ ಸೌಕರ್ಯವನ್ನೂ ಒಂದೇ ಕಡೆ ಕೂಡಿಸಬೇಕೆಂಬುದು ಇದರ ಉದ್ದೇಶ.

ತಂದೆಯವರ ದೂರು ಹೀಗಿತ್ತು. ವಾಹನವನ್ನು ಮಾರಿದವನು ಲೀಟರಿಗೆ 40 ಕಿಲೋಮೀಟರು ಎಂದು ಚೀಟಿಯ ಮೇಲೆ ಬರೆದುಕೊಟ್ಟಿದ್ದನು. ಮಗನ ತಿಂಗಳ ಓಡಾಟ 1500 ಕಿಲೋಮೀಟರು. 1500ನ್ನು 40ರಿಂದ ಭಾಗಿಸಿದರೆ ಮೂವತ್ತೇಳೂವರೆ ಲೀಟರು. ಆದರೆ ಮಗನು ತಿಂಗಳಿಗೆ 50 ಲೀಟರಿನ ಹಣವನ್ನು ಕೇಳುತ್ತಿದ್ದನು. ಹೆಚ್ಚಾದ ಹನ್ನೆರಡೂವರೆ ಲೀಟರನ್ನು 40ರಿಂದ ಗುಣಿಸಿದರೆ 500 ಕಿಲೋಮೀಟರು. “ಈ ಐನೂರು ಕಿಲೋಮೀಟರು ಇವನು ಎಲ್ಲಿ ಸುತ್ತಿದ, ಸಾರ್? ನನಗೆ ಹೇಳಬೇಡ, ಗುರುಗಳಿಗಾದರೂ ಹೇಳು ಎಂದು ಕರೆದುಕೊಂಡು ಬಂದೆ” ಎಂದರು. ಹುಡುಗನು ತಲೆ ತಗ್ಗಿಸಿ, “ಆದವಾನಿ ಬಿಟ್ಟು ಎಲ್ಲಿಗೂ ಹೋಗಿಲ್ಲ, ಸಾರ್” ಎಂದಷ್ಟೇ ಹೇಳಿದನು.

ತಂದೆಯವರ ಗುಣಾಕಾರ ಭಾಗಾಕಾರಗಳಲ್ಲಿ ತಪ್ಪಿರಲಿಲ್ಲ. ತಪ್ಪು ಇದ್ದುದು 40 ಎಂಬ ಅಂಕಿಯಲ್ಲಿ. ಆ ಅಂಕಿಯನ್ನು ಅವರು ವಾಹನದ ಗುಣವೆಂದು, ಅದರ ತೂಕದಂತೆ, ಚಕ್ರದ ಅಳತೆಯಂತೆ ಸ್ಥಿರವಾದುದೆಂದು ನಂಬಿದ್ದರು. ಅದು ಹಾಗಲ್ಲವೆಂಬುದೇ ಈ ಪಾಠದ ವಿಷಯ.

ಮೊದಲು ಅಳೆಯುವ ಕ್ರಮ. ಪೆಟ್ರೋಲನ್ನು ತೊಟ್ಟಿಯ ಕತ್ತಿನ ಒಂದು ಗೊತ್ತಾದ ಗುರುತಿನವರೆಗೆ ತುಂಬಿಸಿ, ಓಡಿದ ದೂರವನ್ನು ತೋರಿಸುವ ಮೀಟರಿನ ಅಂಕಿಯನ್ನು ಬರೆದುಕೊಳ್ಳಬೇಕು. ತೊಟ್ಟಿ ಬಹುಮಟ್ಟಿಗೆ ಬರಿದಾಗುವವರೆಗೆ ಓಡಿಸಿ, ಅದೇ ಬಂಕಿನಲ್ಲಿ, ವಾಹನವನ್ನು ಅದೇ ರೀತಿ ನಿಲ್ಲಿಸಿ, ಅದೇ ಗುರುತಿನವರೆಗೆ ಮತ್ತೆ ತುಂಬಿಸಬೇಕು. ಎರಡನೆಯ ಸಲ ಹಿಡಿದ ಪೆಟ್ರೋಲೇ ನಡುವೆ ಖರ್ಚಾದ ಪೆಟ್ರೋಲು. ನೂರು ರೂಪಾಯಿಗೆ, ಇನ್ನೂರು ರೂಪಾಯಿಗೆ ಎಂದು ಹಾಕಿಸುವವರಿಗೆ ಈ ಲೆಕ್ಕ ಎಂದಿಗೂ ಸಿಕ್ಕದು. ಈಗಿನ ವಾಹನಗಳ ಪರದೆಯ ಮೇಲೆ ಮೂಡುವ ಮೈಲೇಜೂ ಯಂತ್ರವು ಮಾಡಿದ ಅಂದಾಜೇ ಹೊರತು ಅಳತೆಯಲ್ಲ. ಮೀಟರನ್ನೂ ಒಮ್ಮೆ ರಸ್ತೆಯ ಕಿಲೋಮೀಟರು ಕಲ್ಲುಗಳೊಡನೆ ಹೋಲಿಸಿ ನೋಡುವುದು ಲೇಸು.

ಹುಡುಗನಿಗೆ ಈ ಕ್ರಮವನ್ನು ಹೇಳಿ, ಮೊದಲ ತೊಟ್ಟಿಯನ್ನು ನಿನ್ನ ಎಂದಿನ ರೀತಿಯಲ್ಲೇ ಓಡಿಸೆಂದೆನು. 306 ಕಿಲೋಮೀಟರಿಗೆ 10.2 ಲೀಟರು ಹಿಡಿಯಿತು. ಎಂದರೆ ಲೀಟರಿಗೆ ಸರಿಯಾಗಿ 30. ತಂದೆಯವರು ಹುಡುಕುತ್ತಿದ್ದ ಐನೂರು ಕಿಲೋಮೀಟರು ಅಲ್ಲಿಯೇ ಸಿಕ್ಕಿತು. 1500ನ್ನು 30ರಿಂದ ಭಾಗಿಸಿರಿ: 50 ಲೀಟರು. ಹುಡುಗನು ಸುಳ್ಳು ಹೇಳಿರಲಿಲ್ಲ.

ಹಾಗಾದರೆ 40 ಎಂಬುದು ಎಲ್ಲಿಂದ ಬಂದಿತು? ಇಂಧನದ ಅಧಿಕೃತ ಅಳತೆ ರಸ್ತೆಯ ಮೇಲೆ ಆಗುವುದಿಲ್ಲ. ಪುಣೆಯ ಎ.ಆರ್.ಎ.ಐ.ಯಂತಹ ಸಂಸ್ಥೆಗಳಲ್ಲಿ ವಾಹನವನ್ನು ಉರುಳೆಗಳ ಮೇಲೆ ನಿಲ್ಲಿಸಿ, ಗೊತ್ತುಮಾಡಿದ ವೇಗಗಳ ಒಂದು ಕ್ರಮದಂತೆ ಓಡಿಸಿ, ಹೊಗೆಯಲ್ಲಿರುವ ಇಂಗಾಲದ ಪ್ರಮಾಣದಿಂದ ಸುಟ್ಟ ಪೆಟ್ರೋಲನ್ನು ಲೆಕ್ಕ ಹಾಕುವರು. ನಮ್ಮ ದೇಶದಲ್ಲಿ ದ್ವಿಚಕ್ರ ವಾಹನಗಳಿಗೆ ಬಹುಕಾಲ ಬಳಕೆಯಲ್ಲಿದ್ದ ಕ್ರಮ 108 ಸೆಕೆಂಡುಗಳದು. ಅದರಲ್ಲಿ ಅತಿ ಹೆಚ್ಚಿನ ವೇಗ ಗಂಟೆಗೆ 42 ಕಿಲೋಮೀಟರು, ಸರಾಸರಿ ವೇಗ ಸುಮಾರು 22. ಆದವಾನಿಯ ದಾರಿಯಲ್ಲಿ ಆ ವೇಗದಲ್ಲಿ ಹೋಗುವ ತರುಣನನ್ನು ನಾನಂತೂ ಕಂಡಿಲ್ಲ. ಈಗ ಜಾರಿಯಲ್ಲಿರುವ ಜಾಗತಿಕ ಕ್ರಮದಲ್ಲಿ ವಾಹನದ ವರ್ಗಕ್ಕೆ ತಕ್ಕಂತೆ ಹೆಚ್ಚಿನ ವೇಗಗಳೂ ಸೇರಿವೆ. ಆದರೂ ಉರುಳೆಯ ಮೇಲೆ ಆಷಾಢದ ಗಾಳಿ ಇಲ್ಲ, ಗುಂಡಿಗಳಿಲ್ಲ, ರಸ್ತೆಗೆ ಅಡ್ಡ ಬರುವ ಕುರಿಮಂದೆ ಇಲ್ಲ. ಇಂತಹ ಅಳತೆ ಒಂದು ವಾಹನವನ್ನು ಮತ್ತೊಂದರೊಡನೆ ಹೋಲಿಸುವುದಕ್ಕೆ ಬಹಳ ಉಪಯುಕ್ತ; ಮನೆಯ ಆಯವ್ಯಯಕ್ಕೆ ಅದೊಂದನ್ನೇ ನೆಚ್ಚಲಾಗದು. ಅಂಗಡಿಯ ಬಾಯಿಮಾತಿನ ಅಂಕಿಗಂತೂ ಅಷ್ಟು ಆಧಾರವೂ ಇರುವುದಿಲ್ಲ.

ಇನ್ನು ಪೆಟ್ರೋಲು ಹೋಗುವ ದಾರಿಗಳನ್ನು ನೋಡೋಣ. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 3.2 ಕೋಟಿ ಜೂಲುಗಳಷ್ಟು ಶಕ್ತಿಯುಂಟು. ಸಾಮಾನ್ಯ ಓಡಾಟದಲ್ಲಿ ಇದರ ಐದನೆಯ ಒಂದು ಭಾಗದಷ್ಟು ಮಾತ್ರ ಚಕ್ರವನ್ನು ಸೇರುವುದೆಂದು ಇಟ್ಟುಕೊಳ್ಳಬಹುದು. ಉಳಿದುದೆಲ್ಲವೂ ಶಾಖವಾಗಿ ಹೊಗೆಯ ಕೊಳವೆಯಿಂದಲೂ ಎಂಜಿನಿನ ಮೈಯಿಂದಲೂ ಹೊರಗೆ ಹೋಗುವುದು. ಚಕ್ರವನ್ನು ಸೇರಿದ ಆ ಪಾಲಿಗೆ ಕಾದಿರುವ ಮುಖ್ಯ ವೈರಿ ಗಾಳಿ. ಗಾಳಿಯ ತಡೆಯು ವೇಗದ ವರ್ಗಕ್ಕೆ ಅನುಪಾತದಲ್ಲಿ ಏರುವುದು. ವೇಗವನ್ನು 60ರಿಂದ 90ಕ್ಕೆ, ಎಂದರೆ ಒಂದೂವರೆ ಪಟ್ಟು ಏರಿಸಿದರೆ ತಡೆಯು ಎರಡೂಕಾಲು ಪಟ್ಟು ಆಗುವುದು. 120ಕ್ಕೆ ಏರಿಸಿದರೆ ನಾಲ್ಕು ಪಟ್ಟು. ತಡೆಯನ್ನು ಮೀರಲು ಬೇಕಾಗುವ ಸಾಮರ್ಥ್ಯವಾದರೋ ವೇಗದ ಘನಕ್ಕೆ ಅನುಪಾತದಲ್ಲಿದ್ದು, 120ರಲ್ಲಿ ಎಂಟು ಪಟ್ಟು ಆಗುವುದು. ಟೈರಿನ ಉರುಳುವಿಕೆಯ ತಡೆ, ಎಂಜಿನಿನ ಒಳಗಿನ ಘರ್ಷಣೆ ಮೊದಲಾದವು ಹೀಗೆ ಏರುವುದಿಲ್ಲವಾದ್ದರಿಂದ ಪೆಟ್ರೋಲಿನ ಒಟ್ಟು ಖರ್ಚು ಇಷ್ಟು ಪಟ್ಟು ಹೆಚ್ಚುವುದಿಲ್ಲ. ಆದರೆ ಕೈಚೀಲಕ್ಕೆ ತಿಳಿಯುವಷ್ಟು ಹೆಚ್ಚುವುದು. ಮುಂದಿನ ಕವಚವು ಈ ತಡೆಯನ್ನು ತಗ್ಗಿಸಲಿಕ್ಕೆಂದೇ ಇರುವುದು. ಹೊಸೂರಿನ ಕಾರ್ಖಾನೆಯಿಂದ 2017ರಲ್ಲಿ ಹೊರಬಂದ ಟಿ.ವಿ.ಎಸ್. ಅಪಾಚೆ ಆರ್.ಆರ್. 310ರಂತಹ ಕವಚವುಳ್ಳ ವಾಹನವನ್ನು ನೋಡಿರಿ. ಸವಾರನು ಬಾಗಿ ಕುಳಿತರೆ ಮಾತ್ರ ಕವಚದ ಪೂರ್ಣ ಪ್ರಯೋಜನ. ನೆಟ್ಟಗೆ ಕುಳಿತು ಎದೆಯನ್ನು ಗಾಳಿಗೆ ಒಡ್ಡಿದವನು ಕವಚಕ್ಕೆ ಕೊಟ್ಟ ಹಣದಲ್ಲಿ ಒಂದು ಪಾಲನ್ನು ಗಾಳಿಗೇ ಕೊಟ್ಟಂತೆ.

ಎರಡನೆಯದು ಬ್ರೇಕು. ವಾಹನ ಸವಾರ ಸೇರಿ 250 ಕಿಲೋಗ್ರಾಂ ಎಂದೂ, ವೇಗ ಗಂಟೆಗೆ 90 ಕಿಲೋಮೀಟರು, ಎಂದರೆ ಸೆಕೆಂಡಿಗೆ 25 ಮೀಟರು ಎಂದೂ ಭಾವಿಸಿರಿ. ಚಲನಶಕ್ತಿಯು ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. 125ನ್ನು 625ರಿಂದ ಗುಣಿಸಿದರೆ 78,125 ಜೂಲುಗಳು. ಬ್ರೇಕನ್ನು ಅದುಮಿ ನಿಲ್ಲಿಸಿದಾಗ ಇದೆಲ್ಲವೂ ಬಿಸಿಯಾಗಿ ಹಾರಿಹೋಗುವುದು. ಪುನಃ ಆ ವೇಗವನ್ನು ಪಡೆಯಲು ಸುಮಾರು 12 ಮಿಲಿಲೀಟರು, ಎಂದರೆ ಎರಡು ಚಹದ ಚಮಚಕ್ಕೆ ಮಿಕ್ಕ ಪೆಟ್ರೋಲು ಬೇಕು. 60ರ ವೇಗದಲ್ಲಾದರೆ ಒಂದು ಚಮಚದಷ್ಟು ಸಾಕು. ಊರೂರಿಗೂ ರಸ್ತೆಯುಬ್ಬುಗಳಿರುವ ನಮ್ಮ ದಾರಿಯಲ್ಲಿ ಇಪ್ಪತ್ತು ಸಲ ಹೀಗೆ ನಿಂತು ಹೊರಟರೆ ಕಾಲು ಲೀಟರಿನ ಸಮೀಪಕ್ಕೆ ಬಂದೆವು. ಆದುದರಿಂದ ದೂರದಿಂದಲೇ ಉಬ್ಬನ್ನು ಕಂಡು ಆಕ್ಸಿಲರೇಟರನ್ನು ಸಡಿಲಿಸುವವನು ಜಾಣನು. ಗೇರನ್ನು ತೆಗೆದು ವಾಹನವನ್ನು ಜಾರಬಿಡುವುದು ಮಾತ್ರ ಕೂಡದು. ಅದು ಅಪಾಯಕಾರಿ, ಮತ್ತು ಈಗಿನ ಇಂಜೆಕ್ಷನ್ ಎಂಜಿನುಗಳಲ್ಲಿ ಗೇರಿನಲ್ಲಿರುವಾಗಲೇ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟರೆ ಪೆಟ್ರೋಲು ತಾನಾಗಿ ನಿಲ್ಲುವಂತೆ ಏರ್ಪಾಡಿರುವುದು.

ಟೈರಿನ ಗಾಳಿ ಕಡಿಮೆಯಾದರೆ, ಸರಪಣಿ ಎಣ್ಣೆ ಕಾಣದಿದ್ದರೆ, ಎರೆಮಣ್ಣಿನ ಧೂಳು ಗಾಳಿಯ ಶೋಧಕವನ್ನು ಮುಚ್ಚಿದರೆ ಆಗುವ ನಷ್ಟವನ್ನು ಎಲ್ಲರೂ ಬಲ್ಲರು. ಪೆಟ್ರೋಲೂ ಮೊದಲಿನ ಪೆಟ್ರೋಲಲ್ಲ. 2025ರಲ್ಲಿ ನಮ್ಮ ದೇಶವು ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲನ್ನು ಬೆರೆಸುವ ಮಟ್ಟವನ್ನು ಮುಟ್ಟಿತು. ಕಬ್ಬು, ಧಾನ್ಯಗಳಿಂದ ತಯಾರಾಗುವ ಈ ದ್ರವದಲ್ಲಿ ಲೀಟರಿಗೆ ಪೆಟ್ರೋಲಿನ ಮೂರನೆಯ ಎರಡು ಭಾಗದಷ್ಟು ಮಾತ್ರ ಶಕ್ತಿ ಇರುವುದರಿಂದ, ಮಿಶ್ರಣದ ಶಕ್ತಿ ಶೇಕಡಾ 6ರಿಂದ 7ರಷ್ಟು ಕುಗ್ಗುವುದು. ಈ ಮಿಶ್ರಣಕ್ಕೆಂದೇ ರಚಿಸಿದ ಎಂಜಿನುಗಳು ನಷ್ಟದ ಒಂದಂಶವನ್ನು ಮರಳಿ ಪಡೆಯಬಲ್ಲವು.

ಹಿರಿಯರಿಗೆ ಇಲ್ಲಿ ಮೈಸೂರಿನ ನೆನಪಾದೀತು. 1960ರಲ್ಲಿ ಆರಂಭವಾಗಿ 1996ರವರೆಗೆ ಐಡಿಯಲ್ ಜಾವಾ ಕಾರ್ಖಾನೆಯು ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳನ್ನು ತಯಾರಿಸಿತು. ಅವುಗಳ ಸದ್ದನ್ನು ಕೇಳಿ ಸವಾರನನ್ನು ಗುರುತಿಸುವ ಕಾಲವೊಂದಿತ್ತು. ಅವು ಎರಡು ಹೊಡೆತದ ಎಂಜಿನುಗಳು. ಅಂತಹ ಎಂಜಿನಿನಲ್ಲಿ ಸುಟ್ಟ ಹೊಗೆ ಹೊರಹೋಗುವಾಗಲೇ ಹೊಸ ಮಿಶ್ರಣ ಒಳನುಗ್ಗುವುದರಿಂದ, ಅದರಲ್ಲಿ ಒಂದು ಪಾಲು ಸುಡದೆಯೇ ಹೊಗೆಯೊಡನೆ ಹೊರಟುಹೋಗುತ್ತಿತ್ತು. 1985ರಲ್ಲಿ ಹೀರೋ ಹೊಂಡಾ ಕಂಪನಿಯ ನಾಲ್ಕು ಹೊಡೆತದ ಸಿ.ಡಿ. 100 ಬಂದ ಮೇಲೆ ಮೈಲೇಜು ಎಂಬ ಮಾತು ಹಳ್ಳಿಯ ಕಟ್ಟೆಗೂ ಬಂದಿತು. ಅಂದಿನಿಂದಲೇ ಇರಬೇಕು, ನಾವು ಒಂದೇ ಅಂಕಿಯನ್ನು ಕೇಳಿ ತೃಪ್ತರಾಗುವುದನ್ನು ಕಲಿತದ್ದು.

ನಮ್ಮ ಹುಡುಗನ ಎರಡನೆಯ ತೊಟ್ಟಿಗೆ ಬರೋಣ. ಮೊದಲು ತೆರಪಾದ ಬಯಲಿನಲ್ಲಿ 90ನ್ನು ಮುಟ್ಟುತ್ತಿದ್ದವನು ಈ ಸಲ 60ನ್ನು ದಾಟಲಿಲ್ಲ. 304 ಕಿಲೋಮೀಟರಿಗೆ 8 ಲೀಟರು ಹಿಡಿಯಿತು. ಲೀಟರಿಗೆ 38! ತಿಂಗಳಿಗೆ 50 ಲೀಟರಿದ್ದುದು 40 ಲೀಟರಿಗೂ ತುಸು ಕಡಿಮೆಯಾಯಿತು. ಲೀಟರು ನೂರು ರೂಪಾಯಿಯನ್ನು ಮೀರಿರುವ ಈ ದಿನಗಳಲ್ಲಿ ಸಾವಿರಕ್ಕೆ ಮೇಲ್ಪಟ್ಟ ಉಳಿತಾಯ. ಕಾಲದ ನಷ್ಟವೆಷ್ಟೆಂದು ಕೇಳಿದೆನು. 30 ಕಿಲೋಮೀಟರನ್ನು 90ರಲ್ಲಿ 20 ನಿಮಿಷಕ್ಕೂ 60ರಲ್ಲಿ 30 ನಿಮಿಷಕ್ಕೂ ಮುಗಿಸಬೇಕು. ಆದರೆ ಊರುಗಳೂ ಉಬ್ಬುಗಳೂ ಇಬ್ಬರನ್ನೂ ಒಂದೇ ರೀತಿ ತಡೆಯುವುದರಿಂದ ಐದಾರು ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲವೆಂದನು. ತಂದೆಯವರು ಆ ಮಾತನ್ನು ಕೇಳಿ ಮಗನ ಕಡೆ ನೋಡಿದರು, ಏನನ್ನೂ ಹೇಳಲಿಲ್ಲ. ಹೋಗುವಾಗ ಅವನ ಹಿಂದೆ ಕುಳಿತು ಹೋದರು. ಬರುವಾಗ ಬಸ್ಸಿನಲ್ಲಿ ಬಂದಿದ್ದರು.

ಪೋಷಕರಿಗೆ ಒಂದು ಮಾತನ್ನು ಇಲ್ಲಿ ಸೇರಿಸುವೆನು. ಹದಿನೆಂಟು ತುಂಬದ ಮಕ್ಕಳ ಕೈಗೆ ಇಂತಹ ವಾಹನವನ್ನು ಕೊಡಬಾರದು. 2019ರ ತಿದ್ದುಪಡಿಯ ಪ್ರಕಾರ ಬಾಲಕನು ತಪ್ಪೆಸಗಿದರೆ ಪೋಷಕರಿಗೆ 25,000 ರೂಪಾಯಿ ದಂಡವೂ ಮೂರು ವರ್ಷಗಳವರೆಗೆ ಸೆರೆವಾಸವೂ ಆಗಬಹುದು.

ಆಷಾಢದಲ್ಲಿ ಆ ಹುಡುಗನು ಮತ್ತೆ ಬಂದನು; ಈ ಸಲ ಒಬ್ಬನೇ, ಕೈಯಲ್ಲಿ ನೋಟುಪುಸ್ತಕ. “ವೇಗ ಅಷ್ಟೇ ಇದೆ, ಸಾರ್. ಆದರೂ 38 ಇದ್ದದ್ದು 36ಕ್ಕೆ ಇಳಿದಿದೆ. ಹೋಗುವಾಗ ಎದುರುಗಾಳಿ, ನಿಜ. ಬರುವಾಗ ಅದೇ ಗಾಳಿ ಬೆನ್ನಿಗೆ ಇರುತ್ತದಲ್ಲ, ಎರಡೂ ಸರಿಹೋಗಬೇಕಲ್ಲವೇ?” ಎಂದು ಕೇಳಿದನು. ಒಳ್ಳೆಯ ಪ್ರಶ್ನೆ. ಆದವಾನಿ ನಮಗೆ ಪಡುವಣ ದಿಕ್ಕಿಗಿದೆ. ಆಷಾಢದ ಗಾಳಿಯೂ ಪಡುವಣದ್ದೇ. ಗಾಳಿಯ ವೇಗ 20, ವಾಹನದ ವೇಗ 60 ಎಂದಿಟ್ಟುಕೊಳ್ಳಿರಿ. ಹೋಗುವಾಗ ಸವಾರನಿಗೆ ತಾಕುವ ಗಾಳಿ 80, ಬರುವಾಗ 40. ಇವುಗಳ ವರ್ಗಗಳು 6400 ಮತ್ತು 1600; ಸರಾಸರಿ 4000. ಗಾಳಿಯಿಲ್ಲದ ದಿನ ಎರಡು ಸಲವೂ 60ರ ವರ್ಗ, 3600. ಹೋಗುವಾಗ ಕಳೆದುಕೊಂಡುದನ್ನು ಬರುವಾಗ ಗಾಳಿಯು ಪೂರ್ತಿಯಾಗಿ ಹಿಂದಿರುಗಿಸುವುದಿಲ್ಲ. ಗಾಳಿಯ ತಡೆಯಲ್ಲಿ ಒಂಬತ್ತನೆಯ ಒಂದು ಭಾಗ ಹೆಚ್ಚಾಗಿಯೇ ಉಳಿಯುವುದು.

ಸರಾಸರಿಯ ಈ ಮೋಸವು ಲೀಟರಿನ ಲೆಕ್ಕದಲ್ಲಿಯೂ ಉಂಟು. ಹೋಗುವಾಗ 40 ಕಿಲೋಮೀಟರಿಗೆ ಒಂದು ಲೀಟರು, ಬರುವಾಗ ಅದೇ 40ಕ್ಕೆ ಎರಡು ಲೀಟರು ಆದರೆ ಮೈಲೇಜುಗಳು 40 ಮತ್ತು 20. ಸರಾಸರಿ 30 ಎಂದು ಬರೆದವರಿಗೆ ನಾನು ಅಂಕ ಕೊಡುವುದಿಲ್ಲ. 80 ಕಿಲೋಮೀಟರಿಗೆ ಮೂರು ಲೀಟರು. ಉತ್ತರ ಇಪ್ಪತ್ತಾರೂ ಮೂರರಲ್ಲಿ ಎರಡು ಭಾಗ. ಯುರೋಪಿನ ದೇಶಗಳಲ್ಲಿ 100 ಕಿಲೋಮೀಟರಿಗೆ ಎಷ್ಟು ಲೀಟರು ಎಂದು ಹೇಳುವರು. ಹಾಗೆ ಹೇಳಿದರೆ ಈ ತೊಡಕು ಬಾರದು.

ಒಂಬತ್ತನೆಯ ತರಗತಿಯವರಿಗೆ ಒಂದು ಲೆಕ್ಕ. ಒಂದು ಮನೆಯಲ್ಲಿ ಎರಡು ವಾಹನಗಳಿವೆ. ಒಂದು ಲೀಟರಿಗೆ 50 ಕಿಲೋಮೀಟರು ಓಡುವುದು, ಇನ್ನೊಂದು 20. ಎರಡೂ ತಿಂಗಳಿಗೆ 500 ಕಿಲೋಮೀಟರು ಓಡುವುವು. ದುರಸ್ತಿ ಮಾಡಿಸಿ ಮೊದಲನೆಯದನ್ನು 60ಕ್ಕೆ ಏರಿಸಬಹುದು, ಇಲ್ಲವೆ ಎರಡನೆಯದನ್ನು 25ಕ್ಕೆ ಏರಿಸಬಹುದು; ಎರಡಕ್ಕೂ ಹಣವಿಲ್ಲ. ಮನೆಯ ಯಜಮಾನನು ಯಾವುದನ್ನು ಮಾಡಿಸಬೇಕು? ಕ್ರಮವನ್ನು ತೋರಿಸಿ ಬರೆದು, ಶಾಲೆ ತೆರೆದ ಮೊದಲ ವಾರದಲ್ಲಿ ನನಗೆ ಒಪ್ಪಿಸಬೇಕು.