ಟೈಮಿಂಗ್ ಚೈನ್ ಮೇಲೆ ಸುಮ್ಮನೆ ಗುಮಾನಿ ಬೇಡ

ತುಡಿಯಲೂರಿನಲ್ಲಿ ಮೆಟ್ಟುಪಾಳ್ಯಂ ರಸ್ತೆ ಬದಿಯ ನನ್ನ ಶೆಡ್ಡಿಗೆ ಬರುವವರು ಗಾಡಿಯ ಜೊತೆ ರೋಗದ ಹೆಸರನ್ನೂ ತರುತ್ತಾರೆ. "ಅಣ್ಣಾ, ಟೈಮಿಂಗ್ ಚೈನ್ ಹೋಗಿದೆ, ಹೊಸದು ಹಾಕಿಬಿಡಿ." ಬಿಚ್ಚಿ ನೋಡಿದರೆ ಬಹಳ ಸಲ ಚೈನ್ ನೆಟ್ಟಗೇ ಇರುತ್ತದೆ.

1. ಚೈನ್ ಇದೆಯೋ ಇಲ್ಲವೋ ಮೊದಲು ನೋಡಿ. ನಗಬೇಡಿ. ಆರ್‌ಎಕ್ಸ್ 100 ಟೂ ಸ್ಟ್ರೋಕ್. ಕ್ಯಾಮೇ ಇಲ್ಲದ ಮೇಲೆ ಟೈಮಿಂಗ್ ಚೈನ್ ಎಲ್ಲಿಂದ ಬರಬೇಕು? ಹಳೆಯ ಬುಲೆಟ್‌ನಲ್ಲಿ ಕ್ಯಾಮ್ ತಿರುಗಿಸುವುದು ಗೇರು, ವಾಲ್ವ್ ಎತ್ತುವುದು ಪುಶ್‌ರಾಡ್. ರಾಯಲ್ ಎನ್‌ಫೀಲ್ಡ್‌ನ 350ಕ್ಕೆ ಟೈಮಿಂಗ್ ಚೈನ್ ಬಂದದ್ದು 2020ರಲ್ಲಿ, ಮೀಟಿಯರ್ ಜೊತೆ.

2. ತಣ್ಣಗಿನ ಇಂಜಿನ್‌ಗೆ ಕಿವಿಗೊಡಿ. ಊಟಿ ಬಸ್ಸುಗಳ ಹಾರನ್ ಶುರುವಾಗುವ ಮೊದಲೇ ಈ ಕೆಲಸ ಮುಗಿಸಬೇಕು. ಗಾಡಿ ಹಿಂದಿನ ರಾತ್ರಿಯೇ ಬಂದಿದ್ದರೆ ಒಳ್ಳೆಯದು. ಸಡಿಲ ಚೈನ್ ಐಡ್ಲಿಂಗ್‌ನಲ್ಲಿ ಕರಕರ ಅನ್ನುತ್ತದೆ, ಆಕ್ಸಿಲರೇಟರ್ ಕೊಟ್ಟರೆ ಅಡಗುತ್ತದೆ, ಬಿಟ್ಟ ಕೂಡಲೇ ಮತ್ತೆ ಕೇಳುತ್ತದೆ. ಟ್ಯಾಪೆಟ್‌ನದು ಒಂದೇ ಸಮನೆ ಟಿಕ್ ಟಿಕ್. ಕ್ಲಚ್ ಹಿಡಿದಾಗ ಸದ್ದು ಬದಲಾದರೆ ಹುಡುಕಬೇಕಾದ್ದು ಕ್ಲಚ್ ಕಡೆ. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿ ಇಂಜಿನ್ ಮೇಲೆ, ಹಿಡಿ ಕಿವಿಗೆ. ಟ್ಯಾಪೆಟ್ ಕವರ್, ಚೈನ್ ಇಳಿಯುವ ಪಕ್ಕ, ಕ್ಲಚ್ ಕವರ್, ಒಂದೊಂದಾಗಿ ಕೇಳಿ. ಸೈಲೆನ್ಸರ್ ಶೀಲ್ಡ್‌ನ ಸ್ಕ್ರೂ ಸಡಿಲವಾಗಿ ಊರೆಲ್ಲ ಗದ್ದಲ ಮಾಡುವುದೂ ಉಂಟು.

3. ಆಯಿಲ್ ನೋಡದೆ ಸ್ಪ್ಯಾನರ್ ಹಿಡಿಯಬೇಡಿ. ಚೈನಿನ ಸಣ್ಣ ಪಿನ್ನುಗಳ ಆಯುಷ್ಯ ಇರುವುದು ಆಯಿಲ್‌ನಲ್ಲಿ. 2021ರಲ್ಲಿ ತಡಾಗಂ ಕಣಿವೆಯ ಇಟ್ಟಿಗೆ ಗೂಡುಗಳು ಮುಚ್ಚುವ ತನಕ ಆ ಕಡೆಯ ಗಾಡಿಗಳ ಏರ್ ಫಿಲ್ಟರ್ ತೆಗೆದರೆ ಕೆಮ್ಮಣ್ಣು ಉದುರುತ್ತಿತ್ತು. ಆ ಧೂಳು ಆಯಿಲ್ ಸೇರಿದರೆ ಪಿನ್ನುಗಳನ್ನು ಎಮರಿ ಪೇಪರ್ ಹಾಗೆ ತಿನ್ನುತ್ತದೆ. ಒಂದೊಂದು ಪಿನ್ನೂ ಕೂದಲೆಳೆಯಷ್ಟು ಸವೆದರೆ ಸಾಕು, ಇಡೀ ಚೈನ್ ಉದ್ದವಾಗುತ್ತದೆ.

4. ಆಮೇಲೆ ಟ್ಯಾಪೆಟ್. ಮ್ಯಾಗ್ನೆಟ್ ಮೇಲಿನ ಟಿ ಗುರುತು ಸರಿಯಾಗಿ ನಿಂತಾಗ ಎರಡೂ ರಾಕರ್ ಅಲ್ಲಾಡಬೇಕು; ಬಿಗಿಯಾಗಿದ್ದರೆ ಇನ್ನೊಂದು ಸುತ್ತು ತಿರುಗಿಸಿ.

5. ಇನ್ನೂ ಸದ್ದಿದ್ದರೆ ಚೈನನ್ನು ಬಿಗಿಯಾಗಿಡುವ ಟೆನ್ಷನರ್. ಕೆಲಸ ಇರುವುದೇ ಇಲ್ಲಿ. ಸ್ಪ್ಲೆಂಡರ್ ತರಹದ ಮಲಗಿದ ಇಂಜಿನ್‌ನಲ್ಲಿ ಕೆಳಗಿನ ಬೋಲ್ಟ್ ಬಿಚ್ಚಿದರೆ ಸ್ಪ್ರಿಂಗ್, ಅದರ ಹಿಂದೆ ಟೆನ್ಷನರ್‌ನ ಪುಶ್‌ರಾಡ್ ಬರುತ್ತದೆ. ಅದು ಒತ್ತುವ ತೋಳಿನ ತುದಿಯಲ್ಲಿ ರಬ್ಬರ್ ರೋಲರ್. ರಬ್ಬರ್ ಕಲ್ಲಾಗಿ ಅಂಚು ಹರಿದಿದ್ದರೆ ಹೊಸ ಚೈನ್ ಹಾಕಿದರೂ ಸದ್ದು ಹೋಗದು. ನಿಂತ ಇಂಜಿನ್‌ಗಳಲ್ಲಿ ಹೆಚ್ಚಾಗಿ ತಾನೇ ಮುಂದೆ ಸರಿಯುವ ಟೆನ್ಷನರ್. ಅದರ ಕಡ್ಡಿ ಎಷ್ಟು ಹೊರಬಂದಿದೆ ಎಂದು ಬಿಚ್ಚಿದೊಡನೆ ನೋಡಿ. ಕೊನೆಗೇ ಬಂದು ನಿಂತಿದ್ದರೆ ಚೈನ್ ಉದ್ದವಾಗಿದೆ ಅಂತಲೇ ಅರ್ಥ. ತಿರುಗಿ ಕೂರಿಸುವಾಗ ಕಡ್ಡಿಯನ್ನು ಪೂರ್ತಿ ಒಳಗೆಳೆದು, ಬೋಲ್ಟ್ ಬಿಗಿದ ಮೇಲೆಯೇ ಬಿಡಬೇಕು. ಟೆನ್ಷನರ್ ಹೊರಗಿರುವಾಗ ಕಿಕ್ ಮುಟ್ಟಬೇಡಿ, ಚೈನ್ ಹಲ್ಲು ಜಿಗಿಯುತ್ತದೆ.

6. ಬಿಗಿ ಮಾಡಿ ಸದ್ದು ಮುಚ್ಚುವುದು ರಿಪೇರಿಯಲ್ಲ. ಕೊಯಮತ್ತೂರಿನಲ್ಲಿ ಲೇತ್‌ಗೆ ಬರವೇ? ಬೆಳಿಗ್ಗೆ ಹೇಳಿದರೆ ಸಂಜೆಗೆ ಟೆನ್ಷನರ್ ಜಾಗಕ್ಕೆ ಒಂದು ಬೋಲ್ಟ್ ಕಡೆದು ಕೊಡುತ್ತಾರೆ. ಕರಕರ ನಿಲ್ಲುತ್ತದೆ, ವೇಗ ಏರಿದಂತೆ ಹೊಸದೊಂದು ಗುಂಯ್ ಶುರುವಾಗುತ್ತದೆ. ಆ ಬೋಲ್ಟ್‌ಗೆ ಹಿಂದೆ ಸರಿದು ಗೊತ್ತಿಲ್ಲ. ಇಂಜಿನ್ ಕಾದಾಗ ಚೈನ್ ಉಜ್ಜುವ ಗೈಡ್‌ನಲ್ಲಿ ಗೀರು ಬಿದ್ದು ಕ್ಯಾಮ್ ಬೇರಿಂಗ್‌ಗೂ ಹೊರೆ.

7. ಬದಲಾಯಿಸಲೇಬೇಕಾದರೆ ಚೈನ್, ಗೈಡ್ ಅಥವಾ ರೋಲರ್, ಮೇಲಿನ ಸ್ಪ್ರಾಕೆಟ್ ಒಟ್ಟಿಗೇ. ಹಲ್ಲು ಸವೆದ ಸ್ಪ್ರಾಕೆಟ್ ಮೇಲೆ ಹೊಸ ಚೈನ್ ಬಾಳುವುದಿಲ್ಲ. ಚೈನ್ ಒಳಗೆ ಬೀಳದಂತೆ ತಂತಿ ಕಟ್ಟಿ. ಮೇಲಿನ ಸ್ಪ್ರಾಕೆಟ್‌ಗೆ ಕೆಳಗಿನದರ ಎರಡರಷ್ಟು ಹಲ್ಲು. ಹಾಗಾಗಿ ಕ್ರ್ಯಾಂಕನ್ನು ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿದರೆ ಗುರುತುಗಳೆಲ್ಲ ಮೊದಲಿನ ಜಾಗಕ್ಕೆ ಬರಬೇಕು. ಎಲ್ಲಾದರೂ ತಡೆದರೆ ಬಲ ಹಾಕಬೇಡಿ, ವಾಲ್ವ್ ಪಿಸ್ಟನ್‌ಗೆ ತಾಗುತ್ತಿರಬಹುದು.

8. ಕೋತಗಿರಿ, ಕೂನೂರಿನಿಂದ ಇಳಿದು ಬರುವ ಬಡಗ ಗಿರಾಕಿಗಳಿಗೆ ಬಿಲ್ ಕೊಡುವ ಮೊದಲು ಒಂದು ಮಾತು ಹೇಳುತ್ತೇನೆ: ಗಾಳಿಯಲ್ಲಿ ತಣಿಯುವ ಇಂಜಿನ್ ಅಷ್ಟಿಷ್ಟು ಸದ್ದು ಮಾಡಿಯೇ ಮಾಡುತ್ತದೆ, ಹೊಲಿಗೆ ಯಂತ್ರದಷ್ಟಿದ್ದರೆ ಬಿಟ್ಟುಬಿಡಿ. ಆದರೆ ರೋಲರ್ ಹರಿದಿದ್ದ ಗಾಡಿಯಾದರೆ ಕ್ಲಚ್ ಕವರ್ ತೆಗೆದು ಆಯಿಲ್ ಜಾಲರಿ ತೊಳೆಯದೆ ಕಳಿಸುವುದಿಲ್ಲ. ಕಪ್ಪು ರಬ್ಬರ್ ಚೂರುಗಳು ಅದಕ್ಕೇ ಅಂಟಿಕೊಂಡಿರುತ್ತವೆ, ಜಾಲರಿ ಕಟ್ಟಿಕೊಂಡರೆ ಹೆಡ್‌ಗೆ ಆಯಿಲ್ ಏರುವುದಿಲ್ಲ. ಇದಕ್ಕೆ ಕೂಲಿ ಬೇರೆ, ಮೊದಲೇ ಹೇಳಿಬಿಡುತ್ತೇನೆ.