ಪರಸಿಯ ನಾಡಿನಿಂದ ಯಾಣದ ಬಂಡೆಗೆ

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯವರಿಗೆ ಸುಣ್ಣಕಲ್ಲು ಹೊಸದಲ್ಲ. ಮನೆಗೆ ಹಾಸುವ ಪರಸಿಯೂ ಅದೇ, ಸಿಮೆಂಟ್ ಕಾರ್ಖಾನೆಗೆ ಹೋಗುವುದೂ ಅದೇ. ನಮ್ಮಲ್ಲಿ ಪದರು ಪದರಾಗಿ ನೆಲದೊಳಗೆ ಮಲಗಿರುವ ಈ ಕಲ್ಲು, ಕರಾವಳಿಯ ಕುಮಟಾ ತಾಲ್ಲೂಕಿನ ಯಾಣದಲ್ಲಿ ದಟ್ಟ ಕಾಡಿನ ನಡುವೆ ಕಪ್ಪಗೆ ಎದ್ದು ನಿಂತಿದೆ. ಭೈರವೇಶ್ವರ ಶಿಖರ 120 ಮೀಟರ್ ಎತ್ತರ, ಮೋಹಿನಿ ಶಿಖರ 90 ಮೀಟರ್. ಸೊಕ್ಕಿದ್ದವರು ಯಾಣಕ್ಕೆ, ರೊಕ್ಕ ಇದ್ದವರು ಗೋಕರ್ಣಕ್ಕೆ ಎಂಬುದು ಅಲ್ಲಿನ ಹಳೆಯ ಗಾದೆ. ಈಗ ರಸ್ತೆಯಾಗಿದೆ, ಮಕ್ಕಳು, ಹಿರಿಯರೊಂದಿಗೂ ಹೋಗಿ ಬರಬಹುದು.

1. ಕಾಲ ಆರಿಸಿ
ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯದು. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತವೆ, ಉಂಬಳ ಕಾಲಿಗೆ ಹತ್ತುತ್ತವೆ. ಶಿವರಾತ್ರಿಗೆ ಜಾತ್ರೆಯ ಗದ್ದಲ ಇರುತ್ತದೆ.

2. ದಾರಿ ಗೊತ್ತು ಮಾಡಿಕೊಳ್ಳಿ
ರೈಲಾಗಲಿ ಬಸ್ಸಾಗಲಿ, ಮೊದಲು ಹುಬ್ಬಳ್ಳಿ ತಲುಪಿ. ಅಲ್ಲಿಂದ ಶಿರಸಿ ಸುಮಾರು 100 ಕಿ.ಮೀ. ರಾತ್ರಿ ಶಿರಸಿಯಲ್ಲೇ ತಂಗಿ. ಯಾಣ ಅಲ್ಲಿಂದ ಸುಮಾರು 40 ಕಿ.ಮೀ., ಕುಮಟಾದಿಂದ 30 ಕಿ.ಮೀ. ಕಾಡಿನ ದಾರಿಯಲ್ಲಿ ಬಸ್ಸನ್ನೇ ನೆಚ್ಚಿಕೊಳ್ಳುವುದಕ್ಕಿಂತ ಬಾಡಿಗೆ ಗಾಡಿ ಮಾಡಿಕೊಳ್ಳುವುದು ಲೇಸು. ಒಟ್ಟು ಮೂರು ನಾಲ್ಕು ದಿನ ಬಿಡುವು ಮಾಡಿಕೊಳ್ಳಿ.

3. ಗಂಟು ಕಟ್ಟಿ
ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ದಾರಿಯಲ್ಲಿ ಹೊಟ್ಟೆಯ ಚಿಂತೆಯಿಲ್ಲ. ನಮ್ಮದು ಒಣ ಬಿಸಿಲು. ಅಲ್ಲಿ ನೆರಳಲ್ಲೂ ಬೆವರು ಇಳಿಯುತ್ತದೆ. ನೀರು, ಹತ್ತಿಯ ಬಟ್ಟೆ, ಹಿಡಿತವಿರುವ ಚಪ್ಪಲಿ ಬೇಕೇ ಬೇಕು.

4. ಬೆಳಿಗ್ಗೆಯೇ ಹತ್ತಿ
ಗಾಡಿ ನಿಲ್ಲಿಸಿದ ಮೇಲೆ ಕಾಡಿನೊಳಗೆ ನಡಿಗೆ, ಆಮೇಲೆ ಮೆಟ್ಟಿಲು. ಮರಗಳ ಸಂದಿಯಲ್ಲಿ ಬಂಡೆ ಒಮ್ಮೆಲೇ ಎದುರಾಗುತ್ತದೆ. ಬುಡದ ಗುಹೆಯಲ್ಲಿ ಭೈರವೇಶ್ವರನ ಗುಡಿಯಿದೆ. ಲಿಂಗದ ಮೇಲೆ ಬಂಡೆಯಿಂದಲೇ ನೀರು ಹನಿಯುತ್ತದೆ. ಚಪ್ಪಲಿ ಬಿಟ್ಟು ಬಂಡೆಯ ಸೀಳಿನೊಳಗೆ ಹೋಗಿ. ಮೇಲಿನ ಕಿಂಡಿಯಿಂದ ಬೆಳಕು ಇಳಿಯುತ್ತಿರುತ್ತದೆ, ಅಂಗಾಲಿಗೆ ಕಲ್ಲು ತಣ್ಣಗೆ ತಾಗುತ್ತದೆ.

5. ಕಥೆ ಹೇಳಿ, ಕಲ್ಲು ತೋರಿಸಿ
ತಾನು ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಉರಿದುಹೋಗುವ ವರವನ್ನು ಶಿವನಿಂದ ಪಡೆದು ಶಿವನನ್ನೇ ಅಟ್ಟಿಸಿಕೊಂಡು ಬಂದ ಭಸ್ಮಾಸುರ, ಮೋಹಿನಿಯ ಜತೆ ಕುಣಿಯುತ್ತಾ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಉರಿದುಹೋದ. ಆ ಬೆಂಕಿಗೆ ಬಂಡೆ ಕಪ್ಪಾಯಿತು ಎನ್ನುತ್ತದೆ ಸ್ಥಳಪುರಾಣ. ಮಕ್ಕಳಿಗೆ ಇದರ ಜತೆ ಇನ್ನೊಂದು ಮಾತೂ ಹೇಳಿ: ಮಳೆನೀರು ಸುಣ್ಣಕಲ್ಲನ್ನು ಕರಗಿಸುತ್ತದೆ. ಯುಗಯುಗಗಳ ಮಳೆ ಕೊರೆದು ಉಳಿಸಿದ್ದೇ ಈ ಚೂಪು ತುದಿಗಳು.

6. ಸದ್ದು ಮಾಡಬೇಡಿ
ಬಂಡೆಯ ಎತ್ತರದಲ್ಲಿ ಹೆಜ್ಜೇನು ಕಟ್ಟುತ್ತವೆ. ಕೂಗು, ಕಲ್ಲೆಸೆತ, ಹೊಗೆ ಮೂರೂ ಬೇಡ. ಕಲ್ಲಿನ ಮೇಲೆ ಹೆಸರು ಗೀಚಬೇಡಿ. ಒಯ್ದ ಪ್ಲಾಸ್ಟಿಕ್ ಮರಳಿ ತನ್ನಿ.

7. ಸಮುದ್ರ ನೋಡಿ ಮರಳಿ
ಕುಮಟಾಕ್ಕೆ ಇಳಿದರೆ ಸಮುದ್ರ. ಹತ್ತಿರದಲ್ಲೇ ಮಿರ್ಜಾನ್ ಕೋಟೆ ಇದೆ. ಅದರ ಕೆಂಪು ಮುರಕಲ್ಲನ್ನು ನಮ್ಮ ಕಡೆಯ ಚಿಂಚೋಳಿಯವರಿಗೆ ಪರಿಚಯಿಸಬೇಕಿಲ್ಲ. ಅವರ ಗುಡ್ಡಗಳ ಕಲ್ಲೂ ಅದೇ ಜಾತಿಯದು.