ತೆರೆದುಕೊಂಡ ಲಿಂಕನ್ನೂ ನಂಬಬೇಡಿ

ಲಿಂಕ್ ಸಿಗದೆ ಹೋದರೆ ಕಟ್ಟಡದ ಮಾಡೆಲ್ ಮಾಡುವ ತಂತ್ರಾಂಶ ರೆವಿಟ್ ತಾನೇ ಹೇಳುತ್ತದೆ. ಫೈಲ್ ತೆರೆಯುವಾಗಲೇ ಸೂಚನೆ ಬರುತ್ತದೆ, ಮ್ಯಾನೇಜ್ ಲಿಂಕ್ಸ್‌ನಲ್ಲಿ ‘ನಾಟ್ ಫೌಂಡ್’ ಎಂದು ಕಾಣುತ್ತದೆ, ಕಂಬ–ಬೀಮುಗಳಿಲ್ಲದ ಬರೀ ಗೋಡೆಗಳು ಪರದೆಯ ಮೇಲೆ ನಿಂತಿರುತ್ತವೆ. ನೋಡಿದವರಿಗೆ ಏನೋ ಕೆಟ್ಟಿದೆ ಎಂದು ಗೊತ್ತಾಗುತ್ತದೆ, ಸರಿಪಡಿಸುತ್ತಾರೆ. ಔರಾದ್ ಕೆಲಸದಲ್ಲಿ ನಮ್ಮನ್ನು ಮುಳುಗಿಸಿದ್ದು ಯಾವ ತಕರಾರೂ ಇಲ್ಲದೆ ತೆರೆದುಕೊಂಡ ಲಿಂಕು. ಆ ಮಾತು ನಮ್ಮ ಕಚೇರಿಯಲ್ಲಿ ಇವತ್ತಿಗೂ ಅರ್ಧ ಜನಕ್ಕೆ ತಿಳಿದಿಲ್ಲ. ತಪ್ಪು ನನ್ನದೆಂದು ಊರೆಲ್ಲ ಹಬ್ಬಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

ಬೀದರಿನಲ್ಲಿ ಕಾಕಾ ನಡೆಸುವ ವಿನ್ಯಾಸದ ಕಚೇರಿ ನಮ್ಮದು. ಕೆಲಸ ಔರಾದ್ ಹೊರವಲಯದ ಒಂದು ಖಾಸಗಿ ಹಾಸ್ಟೆಲ್ ಕಟ್ಟಡ. ಗೋಡೆ, ಕೋಣೆಗಳ ಮಾಡೆಲ್ ನಾವು ಮಾಡುತ್ತಿದ್ದೆವು. ಕಂಬ, ಬೀಮು, ಅಡಿಪಾಯ ಭಾಲ್ಕಿಯ ಎಂಜಿನಿಯರ್ ಒಬ್ಬರ ಪಾಲು. ನೀರು, ಒಳಚರಂಡಿ, ಕರೆಂಟು ಹೈದರಾಬಾದಿನವರ ಪಾಲು. ಮೂರು ಸೆಂಟ್ರಲ್ ಮಾಡೆಲ್‌ಗಳೂ ನಮ್ಮ ರೆವಿಟ್ ಸರ್ವರಿನಲ್ಲಿದ್ದವು. ಎಲ್ಲರೂ ತಮ್ಮ ಯಂತ್ರದ ಲೋಕಲ್ ಪ್ರತಿಯಲ್ಲಿ ಕೆಲಸ ಮಾಡಿ ಸಿಂಕ್ ಮಾಡಬೇಕು, ಉಳಿದಿಬ್ಬರ ಮಾಡೆಲ್‌ಗಳನ್ನು ಲಿಂಕ್ ಆಗಿ ನೋಡಬೇಕು. ಲಿಂಕ್‌ಗಳ ಜವಾಬ್ದಾರಿ ನನ್ನದು. ಸರ್ವರಿನ ಅಡ್ಮಿನಿಸ್ಟ್ರೇಟರ್ ಪುಟದ ಪಾಸ್‌ವರ್ಡ್ ಮಾತ್ರ ಭಾವನ ಹತ್ತಿರ. ಭಾವ ಅಂದರೆ ಕಾಕಾನ ಅಳಿಯ. ಮಾಡೆಲ್ ಮುಟ್ಟಿದವರಲ್ಲ, ಬಿಲ್ಲು, ಕಂಪ್ಯೂಟರ್ ಖರೀದಿ ನೋಡಿಕೊಳ್ಳುವವರು.

ಬೀದರಿನಲ್ಲಿ ಮನೆ ಕಟ್ಟಿಸಿದವರಿಗೆ ಅಡಿಪಾಯದ ಚಿಂತೆ ಅಷ್ಟಿಲ್ಲ. ಇಡೀ ಊರು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ ಕೂತಿದೆ. ಕೋಟೆಯ ಕಂದಕವನ್ನೇ ಆ ಕಲ್ಲಿನಲ್ಲಿ ಕಡಿದಿದ್ದಾರೆ. ಔರಾದ್ ಕಡೆ ಎರೆಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ, ಮೇಲಿನ ಗೋಡೆಯನ್ನೂ ಬಿರಿಸುತ್ತದೆ. ಮಣ್ಣು ಪರೀಕ್ಷೆಯ ವರದಿ ತಡವಾಗಿ ಬಂತು, ಎರೆ ನಾವು ಅಂದುಕೊಂಡದ್ದಕ್ಕಿಂತ ಆಳಕ್ಕಿತ್ತು. ಭಾಲ್ಕಿಯ ಎಂಜಿನಿಯರ್ ಸಾದಾ ಫುಟಿಂಗ್ ಬಿಟ್ಟು, ಇಂಥ ಮಣ್ಣಿಗೆಂದೇ ಇರುವ ಅಂಡರ್‌ರೀಮ್ಡ್ ಪೈಲ್‌ಗೆ ಹೋದರು, ಹಿಂಬದಿಯ ಒಂದು ಸಾಲು ಕಂಬಗಳನ್ನು ಸರಿಸಿದರು. ಅವರು ಮಾಡಿದ್ದು ಸರಿ. ಆದರೆ ಅದೇ ವಾರ ಭಾವನಿಗೆ ಸರ್ವರಿನ ಫೋಲ್ಡರುಗಳು ಕಣ್ಣಿಗೆ ಚುಚ್ಚಿದವು. ಹೆಸರುಗಳು ನೀಟಾಗಿಲ್ಲವಂತೆ. ಒಂದು ಸಂಜೆ ‘ಫೈನಲ್’ ಎಂಬ ಹೊಸ ಫೋಲ್ಡರ್ ಮಾಡಿ, ಸ್ಟ್ರಕ್ಚರ್ ಮಾಡೆಲನ್ನು ಅದರೊಳಗೆ ಸರಿಸಿ ಮನೆಗೆ ಹೋದರು. ಸರ್ವರಿನಲ್ಲಿ ಏನನ್ನೂ ಸರಿಸಬೇಡಿ, ಹೆಸರು ಬದಲಿಸಬೇಡಿ ಎಂದು ಕೆಲಸ ಶುರುವಾದಾಗಲೇ ವಾಟ್ಸ್ಯಾಪ್ ಗುಂಪಿನಲ್ಲಿ ಬರೆದಿದ್ದೆ. ಅದಕ್ಕೆ ಭಾವನೇ ಹೆಬ್ಬೆಟ್ಟು ಒತ್ತಿದ್ದರು.

ಮುಂದಿನದು ನಿಧಾನವಾಗಿ ಓದಿ. ಮಾರನೆಯ ಬೆಳಿಗ್ಗೆ ಭಾಲ್ಕಿಯ ಎಂಜಿನಿಯರ್ ಹತ್ತಿರ ಕೆಲಸ ಮಾಡುವ ಹುಡುಗ ಸಿಂಕ್ ಕೊಟ್ಟಾಗ ಸೆಂಟ್ರಲ್ ಸಿಗಲಿಲ್ಲ. ಸರ್ವರ್ ಕೆಟ್ಟಿರಬೇಕು ಅಂದುಕೊಂಡ. ಕಂಬ ಸರಿಸಿದ ಕೆಲಸವೆಲ್ಲ ಅವನ ಲೋಕಲ್ ಪ್ರತಿಯಲ್ಲಿತ್ತು, ಅದು ಕಳೆದುಹೋದೀತೆಂದು ಹೆದರಿ ಅದನ್ನೇ ಹಳೆಯ ಜಾಗದಲ್ಲಿ, ಹಳೆಯ ಹೆಸರಿನಲ್ಲಿ ಹೊಸ ಸೆಂಟ್ರಲ್ ಆಗಿ ಉಳಿಸಿದ. ಹೀಗೆ ಸರ್ವರಿನಲ್ಲಿ ಎರಡು ಸ್ಟ್ರಕ್ಚರ್ ಮಾಡೆಲ್‌ಗಳಾದವು: ಹಳೆಯ ವಿಳಾಸದಲ್ಲಿ ಹೊಸ ಕಂಬಗಳು, ಹೊಸ ಫೋಲ್ಡರಿನಲ್ಲಿ ಹಳೆಯ ಕಂಬಗಳು. ನಮ್ಮ ಲಿಂಕ್ ಹಳೆಯ ವಿಳಾಸಕ್ಕೇ ಇದ್ದುದರಿಂದ ನಮಗೆ ಏನೂ ಗೊತ್ತಾಗಲಿಲ್ಲ. ಹೈದರಾಬಾದಿನವರಿಗೆ ಮಾತ್ರ ಭಾವ ಫೋನ್ ಮಾಡಿ ‘ಫೈನಲ್‌ನಿಂದ ತಗೊಳ್ರಿ’ ಅಂದಿದ್ದರು. ಅವರು ರೀಲೋಡ್ ಫ್ರಮ್ ಕೊಟ್ಟು ಅಲ್ಲಿಂದ ಎಳೆದುಕೊಂಡರು. ಮೂರು ಊರಿನಲ್ಲಿ ಮೂರು ಪರದೆ, ಯಾವುದರಲ್ಲೂ ಎಚ್ಚರಿಕೆ ಇಲ್ಲ.

ಪ್ಲಿಂತ್ ಬೀಮಿನ ಕಾಂಕ್ರೀಟಿನ ಹಿಂದಿನ ಸಂಜೆ ಔರಾದಿನಿಂದ ಮೇಸ್ತ್ರಿ ಫೋನ್ ಮಾಡಿದರು. ‘ಮೇಡಂ, ಸಂಡಾಸದ ಪೈಪು ಕಂಬದಾಗ ಬೀಳಲತ್ತದ. ನಾಳಿ ಮಷಿನ್ ಬರ್ತದ, ಎಲ್ಲಿ ಬಿಡಬೇಕು ಹೇಳ್ರಿ.’ ಕಂಬದೊಳಗೆ ಪೈಪು ಹೇಗೆ ಬರುತ್ತದೆ? ನನ್ನ ಪರದೆಯಲ್ಲಿ ಕಂಬ ಬೇರೆ ಕಡೆ, ಶೌಚಾಲಯದ ಗೋಡೆ ಬೇರೆ ಕಡೆ. ಫೋಟೋ ಕಳಿಸಲು ಹೇಳಿದೆ. ಸರಳು ಕಟ್ಟಿ ಸೆಂಟ್ರಿಂಗ್ ಹಲಗೆ ಹೊಡೆದಿದ್ದರು. ಹೈದರಾಬಾದಿನ ನಕ್ಷೆ ನೋಡಿ ಇಟ್ಟ ಪೈಪಿನ ತುಂಡು ಸರಿಯಾಗಿ ಕಂಬದ ಸರಳುಗಳ ನಡುವೆ ನಿಂತಿತ್ತು. ಒಂದಲ್ಲ, ಆ ಸಾಲಿನುದ್ದಕ್ಕೂ ಹಾಗೇ.

ಭಾಲ್ಕಿಗೆ ಫೋನ್ ಮಾಡಿದೆ. ‘ನಮ್ಮ ಫೈಲ್ ಕರೆಕ್ಟ್ ಅದ ನೋಡ್ರಿ’ ಅಂದರು. ಹೈದರಾಬಾದಿಗೆ ಮಾಡಿದೆ, ಅವರೂ ತಮ್ಮ ಪರದೆಯ ಚಿತ್ರ ಕಳಿಸಿದರು, ಅದರಲ್ಲೂ ಕಂಬಕ್ಕೂ ಪೈಪಿಗೂ ಸಾಕಷ್ಟು ಅಂತರ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ನಡುವೆ ಕರೆಂಟು ಹೋಯಿತು, ಯುಪಿಎಸ್ ಕೂಗತೊಡಗಿತು, ಕಾಕಾ ಬಂದು ಎಲ್ಲರೆದುರು ‘ಲಿಂಕ್ ನೋಡೋದು ನಿನ್ನ ಕೆಲಸ ಅಲ್ಲೇನವ್ವಾ?’ ಅಂದರು. ಭಾವ ಪಕ್ಕದಲ್ಲೇ ನಿಂತಿದ್ದರು. ಫೋಲ್ಡರ್ ಸರಿಸಿದ್ದನ್ನು ಆಗಲೂ ಬಾಯಿಬಿಡಲಿಲ್ಲ. ಒಂದು ಮಾತು ಹೇಳಿದ್ದರೆ ಆ ರಾತ್ರಿಯ ಹುಡುಕಾಟವೇ ಇರುತ್ತಿರಲಿಲ್ಲ.

ಮೊದಲು ಅಳತೆಯ ದೋಷವಿರಬೇಕೆಂದು ಗ್ರಿಡ್‌ಗಳನ್ನು ನೋಡಿದೆ, ಆಮೇಲೆ ಶೇರ್ಡ್ ಕೋಆರ್ಡಿನೇಟ್ಸ್ ನೋಡಿದೆ. ಎರಡೂ ಸರಿ ಇದ್ದವು. ಕೊನೆಗೆ ಹೈದರಾಬಾದಿನವರಿಗೆ ಮ್ಯಾನೇಜ್ ಲಿಂಕ್ಸ್ ತೆರೆದು ಸೇವ್ಡ್ ಪಾತ್ ಅಕ್ಷರಶಃ ಓದಿ ಹೇಳಲು ಕೇಳಿಕೊಂಡೆ. ಅವರು ಓದುತ್ತಾ ಹೋದರು, ನಾನು ನನ್ನದರ ಮೇಲೆ ಬೆರಳಿಟ್ಟುಕೊಂಡು ಹೋದೆ. ‘ಫೈನಲ್’ ಎಂಬಲ್ಲಿ ನನ್ನ ಬೆರಳು ನಿಂತಿತು. ಎರಡೂ ಮಾಡೆಲ್ ತೆರೆದು ಶೋ ಹಿಸ್ಟರಿ ನೋಡಿದೆ. ಒಂದರ ಸಿಂಕ್‌ಗಳು ಭಾವ ಅದನ್ನು ಸರಿಸಿದ ಸಂಜೆಗೇ ನಿಂತುಬಿಟ್ಟಿದ್ದವು. ಇನ್ನೊಂದರಲ್ಲಿ ಭಾಲ್ಕಿಯ ಹುಡುಗನ ಹೆಸರು ದಿನವೂ ಇತ್ತು. ಕಾಂಕ್ರೀಟ್ ನಿಲ್ಲಿಸಲು ಮೇಸ್ತ್ರಿಗೆ ಹೇಳಿದಾಗ ಅವರು ಬೈಯಲಿಲ್ಲ. ಬಂದ ಕೂಲಿಯವರ ಪಗಾರ ಯಾರು ಕೊಡುತ್ತಾರೆ ಎಂದಷ್ಟೇ ಕೇಳಿದರು. ಹೈದರಾಬಾದಿನವರು ಪೈಪಿನ ಹಾದಿ ಬದಲಿಸಿ ಹೊಸ ನಕ್ಷೆ ಕೊಟ್ಟ ಮೇಲೆಯೇ ಕೆಲಸ ಮುಂದುವರಿಯಿತು. ಪಗಾರ ಕಾಕಾ ಕೊಟ್ಟರು.

ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ನಾಲ್ಕು ಮಾತು. ಸರ್ವರಿನಲ್ಲಿ ಮಾಡೆಲ್ ಸರಿಸಲೇಬೇಕಾದರೆ ಎಲ್ಲರೂ ಸಿಂಕ್ ಮಾಡಿ ಹೊರಬರುವವರೆಗೆ ಕಾಯಿರಿ, ಮಾಡೆಲ್‌ಗೆ ಲಾಕ್ ಹಾಕಿ ಸರಿಸಿ, ಆಮೇಲೆ ಪ್ರತಿಯೊಬ್ಬರೂ ಹೊಸ ಲೋಕಲ್ ಮಾಡಿಕೊಳ್ಳಲಿ, ಲಿಂಕ್ ಇರುವ ಪ್ರತಿ ಮಾಡೆಲ್‌ನಲ್ಲೂ ಪಾತ್ ಬದಲಿಸಲಿ. ಸೆಂಟ್ರಲ್ ಸಿಗದಿದ್ದರೆ ಹೊಸ ಸೆಂಟ್ರಲ್ ಮಾಡುವ ಮುನ್ನ ಫೋನ್ ಮಾಡಬೇಕು. ನಕ್ಷೆ ಹೊರಡಿಸುವ ದಿನ ಲಿಂಕ್ ಲೋಡ್ ಆಗಿದೆಯೇ ಎಂದು ನೋಡಿದರೆ ಸಾಲದು, ಎಲ್ಲಿಂದ ಲೋಡ್ ಆಗಿದೆ ಎಂದು ಮೂರೂ ಕಡೆಯವರು ಓದಿ ಹೇಳಬೇಕು. ಒಬ್ಬರ ಲಿಂಕ್ ಇನ್ನೊಬ್ಬರ ಮಾಡೆಲ್ ಮೂಲಕ ಎರಡನೇ ಸಲ ಬಂದು ಕೂರದಂತೆ ಓವರ್‌ಲೇ ಆಗಿಯೇ ಹಾಕಿ, ಅಟ್ಯಾಚ್‌ಮೆಂಟ್ ಬೇಡ.

ಇನ್ನೊಂದು ಮಾತು: ಜಾಗದ ಸರ್ವೆಯ ಆಟೋಕ್ಯಾಡ್ ಫೈಲ್ ರೆವಿಟ್ ಸರ್ವರಿನಲ್ಲಿ ಕೂರುವುದಿಲ್ಲ. ಅದಕ್ಕೆ ಬೇರೆ ಹಂಚಿಕೆಯ ಫೋಲ್ಡರ್ ಬೇಕು. ಅದರ ಅಂಕಿಗಳನ್ನು ನೇರ ಮಾಡೆಲ್‌ಗೆ ತರಬೇಡಿ. ಯುಟಿಎಂ ಲೆಕ್ಕದಲ್ಲಿ ಔರಾದಿನ ಉತ್ತರಾಂಕವೇ 20 ಲಕ್ಷ ಮೀಟರ್ ದಾಟುತ್ತದೆ, ರೆವಿಟ್ ತನ್ನ ಮೂಲಬಿಂದುವಿನಿಂದ ಸುಮಾರು 16 ಕಿಲೋಮೀಟರ್ ಆಚೆಯದನ್ನು ನಂಬುವಂತೆ ಬಿಡಿಸಲಾರದು. ಕಟ್ಟಡವನ್ನು ಮೂಲಬಿಂದುವಿನ ಹತ್ತಿರವೇ ಇಟ್ಟು ಅಕ್ವೈರ್ ಕೋಆರ್ಡಿನೇಟ್ಸ್‌ನಿಂದ ಅಂಕಿಗಳನ್ನು ಪಡೆಯಿರಿ.

ಪಾಸ್‌ವರ್ಡ್ ಯಾರ ಹತ್ತಿರ ಇರಬೇಕು ಎಂಬುದು ಇವೆಲ್ಲಕ್ಕಿಂತ ಮೊದಲು ತೀರ್ಮಾನವಾಗಬೇಕು. ಮನೆಯವರು ಎಂಬ ಕಾರಣಕ್ಕೆ ಕೊಡಬಾರದು. ಲಿಂಕ್‌ಗೆ ಯಾರು ಉತ್ತರ ಹೇಳಬೇಕೋ ಅವರ ಕೈಯಲ್ಲೇ ಇರಬೇಕು. ಇದನ್ನು ಕಾಕಾನಿಗೆ ಬಾಯಲ್ಲಿ ಹೇಳಿದೆ, ಬರೆದೂ ಕೊಟ್ಟೆ. ‘ನೋಡೋಣ’ ಅಂದಿದ್ದಾರೆ. ಪಾಸ್‌ವರ್ಡ್ ಇನ್ನೂ ಭಾವನ ಹತ್ತಿರವೇ ಇದೆ, ಮುಂದಿನ ಕಟ್ಟಡದ ಲಿಂಕ್‌ಗಳೂ ನನ್ನ ಹೆಸರಿನಲ್ಲೇ ಇವೆ. ಪಾಸ್‌ವರ್ಡ್ ಕೈಗೆ ಬರುವವರೆಗೆ ಆ ಜವಾಬ್ದಾರಿಗೆ ಸಹಿ ಹಾಕುವುದಿಲ್ಲ ಎಂದು ಹೇಳಿದ್ದೇನೆ.